ಐದೂವರೆಗೆ ಮೂಡಿದ ಮಂಗಳವಾರ

2025ರ ಆಗಸ್ಟ್ 5, ಮಂಗಳವಾರ. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಮಲಾಡ್ ಪಶ್ಚಿಮದ ಒಂದು ಪೊಲೀಸ್ ಠಾಣೆಗೆ ಫೋನು ಬಂತು. ಮಾತಾಡಿದವರು ಗಿರಿಕುಂಜ ಟವರ್ ಎಂಬ ಇಪ್ಪತ್ತೆರಡು ಮಹಡಿಯ ಬಿಲ್ಡಿಂಗಿನ ಸೆಕ್ರೆಟರಿ. ಹಾಲು ಹಾಕುವವನೊಬ್ಬ ಲಿಫ್ಟಿನಲ್ಲಿ ಸಿಕ್ಕಿಕೊಂಡು ಸತ್ತಿದ್ದಾನೆ, ವಾಚ್‌ಮನ್‌ನ ನಿರ್ಲಕ್ಷ್ಯವೇ ಕಾರಣ, ಒಂಬತ್ತಕ್ಕೆ ಎಲ್ಲರೂ ಆಫೀಸಿಗೆ ಹೊರಡುತ್ತಾರೆ, ಅಷ್ಟರೊಳಗೆ ಲಿಫ್ಟ್ ಬಿಟ್ಟುಕೊಟ್ಟರೆ ಉಪಕಾರವಾಯಿತು ಎಂದರು. ಫೋನು ಎತ್ತಿದ ಕಾನ್‌ಸ್ಟೆಬಲ್ ಸಪ್ನಾ ಮಾನೆ ಡೈರಿಯಲ್ಲಿ ಸಾವನ್ನು ಬರೆದುಕೊಂಡಳು, ಉಪಕಾರವನ್ನು ಬರೆದುಕೊಳ್ಳಲಿಲ್ಲ.

ಇನ್ಸ್‌ಪೆಕ್ಟರ್ ಗುರುಬಸವ ಕಲಶೆಟ್ಟಿ ಅಕ್ಕಲಕೋಟೆ ಕಡೆಯವರು. ಇಪ್ಪತ್ತಾರು ವರ್ಷದ ಸರ್ವಿಸು. ಮನುಷ್ಯ ಸುಳ್ಳು ಹೇಳುತ್ತಾನೆ, ಕಾಗದ ಹೇಳುವುದಿಲ್ಲ ಎಂಬುದು ಅವರು ಹೊಸ ಹುಡುಗರಿಗೆ ಕೊಡುವ ಮೊದಲ ಪಾಠ. ಈ ಕೇಸಿನ ನಂತರ ಆ ಪಾಠ ಹೇಳುವುದನ್ನು ಬಿಟ್ಟಿದ್ದಾರೆ.

7 ಗಂಟೆ 40ಕ್ಕೆ ಅವರೂ ಸಪ್ನಾಳೂ ಸ್ಥಳದಲ್ಲಿದ್ದರು. ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಒಂದನೇ ನಂಬರಿನ ಲಿಫ್ಟು ಏಳು ಮತ್ತು ಎಂಟನೆಯ ಮಹಡಿಗಳ ನಡುವೆ ನಿಂತಿತ್ತು. ಒಳಗೆ ಹಾಲಿನ ಪಾಕೀಟುಗಳ ನೀಲಿ ಕ್ರೇಟು. ಮೂಲೆಯಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ, ಒಂದರ ಪಕ್ಕ ಒಂದು, ಗುಡಿಯ ಮುಂದೆ ಬಿಟ್ಟಂತೆ.

"ಚಪ್ಪಲ್ ಯಾಕ ತೆಗದಾನ?" ಕಲಶೆಟ್ಟಿ ಕೇಳಿದರು.

"ಒದ್ದಿ ಇದ್ದುವು ಸರ್. ಲಿಫ್ಟ್ ಹೊಲಸ ಆಗಬಾರ್ದಂತ ಇರಬೇಕ," ಎಂದಳು ಸಪ್ನಾ. ಅವಳು ಜತ್ತ ತಾಲೂಕಿನವಳು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ.

ಸತ್ತವನು ಶಾಂತಪ್ಪ, ವಯಸ್ಸು 54, ಇಂಡಿ ತಾಲೂಕಿನಿಂದ ಬಂದು ಹತ್ತೊಂಬತ್ತು ವರ್ಷ. ಕೆಲಸದವರಿಗಾಗಿ ಹಿಂದುಗಡೆ ಇದ್ದ ಸರ್ವಿಸ್ ಲಿಫ್ಟು ಹತ್ತು ದಿನದಿಂದ ಕೆಟ್ಟಿತ್ತು. ಮುಂದುಗಡೆಯ ಒಂದನೇ ನಂಬರಿನ ಲಿಫ್ಟಿನಲ್ಲಿ ಕೆಲಸದವರು ಕಾಲಿಡಕೂಡದು ಎಂಬುದು ಸೊಸೈಟಿಯ ಕಟ್ಟಪ್ಪಣೆ. ಆದರೆ ಹದಿನೆಂಟನೆಯ ಮಹಡಿಗೆ ಹಾಲು ಐದರೊಳಗೆ ಮುಟ್ಟಬೇಕು. ಎದೆ ನೋವಿದ್ದ ಮನುಷ್ಯ, ಕದ್ದು ಹತ್ತಿದ್ದ. ಲಿಫ್ಟು ನಿಂತದ್ದು 4 ಗಂಟೆ 38ರ ಸುಮಾರಿಗೆ. ಲಿಫ್ಟ್ ಕಂಪನಿಯ ಮಿಸ್ತ್ರಿ ಬಂದು ಬಾಗಿಲು ತೆಗೆದದ್ದು 6 ಗಂಟೆ 17ಕ್ಕೆ. ಆಗ ಇನ್ನೂ ಉಸಿರಿತ್ತು, ಆಸ್ಪತ್ರೆಯ ದಾರಿಯಲ್ಲಿ ನಿಂತಿತು. ಇಪ್ಪತ್ತು ನಿಮಿಷ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಕಲಶೆಟ್ಟಿ ಬರೆಸಿಕೊಂಡರು.

ವಾಚ್‌ಮನ್ ಭೀಮರಾಯನಿಗೆ 31 ವರ್ಷ, ಸಿಂದಗಿ ಕಡೆಯವನು. ಗೇಟಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ.

"ಎಷ್ಟೊತ್ತಿಗೆ ಗೊತ್ತಾತು?"

"ಗಂಟೀ ಬಡಕೊಂಡಕೂಡ್ಲೆ ರೀ. ಲಾಬಿಯೊಳಗ ಕೆಂಪ ಬಟನ್ ಐತಿ, ಅದನ್ನ ಒತ್ತಿನ್ರಿ. ಅದು ಸೀದಾ ಕಾಂದಿವಲಿಗೆ ಹೊಕ್ಕೈತಿ, ಲಿಫ್ಟ್ ಕಂಪನಿಗೆ."

"ಎಷ್ಟ ಸಲ?"

"ಮೂರ ಸಲ. ಆಮ್ಯಾಲ ಗೇಟಿಗೆ ಹೋಗಿ ನಿಂತೆ. ಮಿಸ್ತ್ರಿ ಬಂದ್ರ ಲಗೂನ ಗೇಟ್ ತಗೀಬೇಕಲ್ರಿ."

"ಬಾಗಿಲದ ಚಾವಿ ನಿನ್ನ ಕಡೆ ಇತ್ತಲ್ಲ?"

ಭೀಮರಾಯ ಪ್ಯಾಂಟಿನ ಜೇಬು ಮುಟ್ಟಿಕೊಂಡ. ಚಾವಿ ಅಲ್ಲೇ ಇತ್ತು. "ಕಂಪನಿಯವರ ಬಿಟ್ಟು ಬ್ಯಾರೆ ಯಾರೂ ತಗೀಬಾರ್ದು, ತಗದ್ರ ಅವರs ಜವಾಬ್ದಾರ ಅಂತ ಬೋರ್ಡ್ ಹಾಕ್ಯಾರ್ರಿ."

"ಫೈರ್ ಬ್ರಿಗೇಡಿಗೆ ಯಾಕ ಫೋನ್ ಹಚ್ಚಲಿಲ್ಲ?"

"ಬರ್ತಾರ ಅಂತ ನಂಬಿದ್ದೆ ಸಾಹೇಬ್ರ." ಅಷ್ಟು ಹೇಳಿ ಮುಖ ಮುಚ್ಚಿಕೊಂಡ.

ಲಾಬಿಯ ಕ್ಯಾಮೆರಾ ಮಳೆಗಾಲ ಶುರುವಾದಾಗಿನಿಂದ ಸತ್ತಿತ್ತು. ಗೇಟಿನ ಕ್ಯಾಮೆರಾ ನಡೆಯುತ್ತಿತ್ತು. ಅದರಲ್ಲಿ 5ರಿಂದ 5 ಗಂಟೆ 50ರವರೆಗೆ ಭೀಮರಾಯ ರಸ್ತೆ ನೋಡುತ್ತ ನಿಂತದ್ದು ಕಾಣುತ್ತಿತ್ತು. ಒಳಗೆ ಒಬ್ಬ ಸಾಯುತ್ತಿರುವಾಗ ಇವನು ಗಾಳಿ ಸೇವಿಸುತ್ತಿದ್ದ ಎಂದು ಸೆಕ್ರೆಟರಿ ಲಿಖಿತ ಫಿರ್ಯಾದಿ ಕೊಟ್ಟರು.

ಶಾಂತಪ್ಪನ ಹೆಂಡತಿ ಹನುಮವ್ವ ಅದೇ ಬಿಲ್ಡಿಂಗಿನಲ್ಲಿ ನಸುಕಿಗೇ ಕಾರು ನಿಲ್ಲಿಸುವ ಜಾಗ ತೊಳೆಯುವವಳು. 11 ಗಂಟೆ 30ಕ್ಕೆ, ಶವಪರೀಕ್ಷೆಯ ಕೋಣೆಯ ಹೊರಗೆ ಅವಳ ಹೇಳಿಕೆ ತೆಗೆದುಕೊಂಡರು.

"ಭೀಮ್ಯಾನ ತಪ್ಪಿಲ್ರಿ ಸಾಹೇಬ್ರ. ನನ್ನ ಮುಂದನ ಮೂರ ಸಲ ಒತ್ತಿದ. ನಾ ಏಳನೇ ಮಾಳಿಗಿಗೆ ಹತ್ತಿ ಹೋಗಿ ಬಾಗಲಾ ಸಂದ್ಯಾಗ ಮಾತಾಡಿಸ್ಕೋತ ನಿಂತೆ. ಅವ್ರು ಒಳಗಿಂದ ಗಂಟೀ ಒತ್ತಾಕ ಹತ್ತಿದ್ರು. ನಾನs ಅಂದೆ, ಅಷ್ಟ ಒತ್ತಬ್ಯಾಡ್ರಿ, ಮಂದಿ ಎದ್ದು ಬೈತಾರ, ಈ ಲಿಫ್ಟಿನ್ಯಾಗ ಯಾಕ ಹತ್ತಿದಿ ಅಂತಾರ, ಕಂಪನಿಯವರು ಬರಾಕ ಹತ್ಯಾರ, ಸುಮ್ನ ಕುಂದರ್ರಿ ಅಂದೆ. ಅವ್ರು ನನ್ನ ಮಾತ ತಗದ ಹಾಕೂದಿಲ್ಲ."

"ಇದೆಲ್ಲಾ ಯಾವತ್ತು?"

"ಸೋಮವಾರ."

"ಇವತ್ತ ಮುಂಜಾನೆ ಅಲ್ಲೇನು? ಮಂಗಳವಾರ?"

"ಇಲ್ರಿ, ಸೋಮವಾರ." ಹನುಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಶ್ರಾವಣ ಸೋಮವಾರ. ನಮ್ಮಿಬ್ಬರದೂ ಉಪಾಸ ಇತ್ತು."

ಕಲಶೆಟ್ಟಿ ಸಪ್ನಾಳ ಕಡೆ ನೋಡಿ ಕಣ್ಣಲ್ಲೇ 'ಬಿಡು' ಎಂದರು. ಗಂಡ ಸತ್ತ ಗಾಬರಿಯಲ್ಲಿ ವಾರವೇ ತಿಳಿಯದ ಹೆಂಗಸಿನ ಸಾಕ್ಷಿ ಕೋರ್ಟಿನಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ. ಹೇಳಿಕೆ ಫೈಲಿನ ತಳಕ್ಕೆ ಹೋಯಿತು.

ಅಂದೇ ಲಿಫ್ಟ್ ಕಂಪನಿಗೆ ನೋಟೀಸು ಹೋಯಿತು. '5ನೇ ತಾರೀಖಿನ ಪೂರ್ಣ ದಾಖಲೆ ಒದಗಿಸತಕ್ಕದ್ದು' ಎಂದು ಕಲಶೆಟ್ಟಿ ತಾವೇ ಬರೆಸಿದ್ದರು. 6ರಂದು ಮಧ್ಯಾಹ್ನ 12 ಗಂಟೆ 30ಕ್ಕೆ ಊರ್ಧ್ವ ಲಿಫ್ಟ್ ಸರ್ವಿಸಸ್‌ನ ಮ್ಯಾನೇಜರ್ ಸದಾನಂದ ಬಂಗೇರ ಎಂಟು ಹಾಳೆಯ ಪ್ರಿಂಟನ್ನೂ ಪ್ರಮಾಣಪತ್ರವನ್ನೂ ಹಿಡಿದು ಬಂದರು. ಮೂಡುಬಿದಿರೆ ಕಡೆಯ ಮನುಷ್ಯ, ಮಾತು ನೇರ.

"ನೋಡಿ ಸರ್, ಎಲ್ಲ ಲಿಫ್ಟೂ ಐದೈದು ನಿಮಿಷಕ್ಕೊಮ್ಮೆ ನಮ್ಮ ಸರ್ವರಿಗೆ ಲೈನ್ ಚಾಲೂ ಉಂಟು ಅಂತ ಸಿಗ್ನಲ್ ಕಳಿಸ್ತದೆ. ಬಟನ್ ಒತ್ತಿದರೆ ಅದೂ ಬರ್ತದೆ. 5ನೇ ತಾರೀಖಿನಲ್ಲಿ ಮೊದಲ ಅಲಾರ್ಮ್ 5 ಗಂಟೆ 52ಕ್ಕೆ. ವಾಕಿಂಗಿಗೆ ಇಳಿದ ಒಬ್ಬರು ಒತ್ತಿದ್ದು. 25 ನಿಮಿಷದಲ್ಲಿ ನಮ್ಮ ಹುಡುಗ ಅಲ್ಲಿ. ಅದಕ್ಕಿಂತ ಮೊದಲು ಯಾರೂ ಒತ್ತಲೇ ಇಲ್ಲ ಮಾರಾಯ್ರೆ."

ಕಲಶೆಟ್ಟಿ ಮೊದಲ ಹಾಳೆ ನೋಡಿದರು. 5:52ರ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು. ಜಪ್ತಿ ಪಂಚನಾಮೆಯ ನಿಯಮದಂತೆ ಮೊದಲ ಹಾಳೆಗೂ ಕೊನೆಯ ಹಾಳೆಗೂ ಸಹಿ ಹಾಕಿದರು. ನಡುವಿನವನ್ನು ತಿರುವಿ ಹಾಕಿದರೇ ಹೊರತು ಓದಲಿಲ್ಲ.

ಹಾಗಾದರೆ ವಾಚ್‌ಮನ್ ಸುಳ್ಳ. ನಿರ್ಲಕ್ಷ್ಯದಿಂದ ಸಾವು ಎಂದು ಕಲಂ 106 ಹಾಕಿದ್ದರೆ ಠಾಣೆಯಲ್ಲೇ ಜಾಮೀನು ಸಿಗುತ್ತಿತ್ತು. ಪೇಪರಿನಲ್ಲಿ ಸುದ್ದಿಯಾಗಿತ್ತು, ಮೇಲಿನವರ ಫೋನು ಎರಡು ಸಲ ಬಂದಿತ್ತು. ತಿಳಿದೂ ಸಾಯಲು ಬಿಟ್ಟ, ಮೇಲೆ ಸುಳ್ಳು ಹೇಳಿದ ಎಂದು ಕಲಶೆಟ್ಟಿ, ಠಾಣೆಯಲ್ಲಿ ಜಾಮೀನು ಸಿಗದ ಕಲಂ 105 ಹಾಕಿದರು. 6ರ ಸಂಜೆ 7 ಗಂಟೆ 20ಕ್ಕೆ ಎಫ್‌ಐಆರ್, 7 ಗಂಟೆ 45ಕ್ಕೆ ಭೀಮರಾಯನ ಅರೆಸ್ಟು. ಮರುದಿನ ಕೋರ್ಟು 13ರವರೆಗೆ ಪೊಲೀಸ್ ಕಸ್ಟಡಿ ಕೊಟ್ಟಿತು.

*

ಆ ದಿನಗಳಲ್ಲಿ ಠಾಣೆಯವರಿಗೆಲ್ಲ ಮುಜುಗರ ತಂದ ಒಂದು ಸಂಗತಿ ನಡೆಯಿತು. ಸತ್ತವನ ಹೆಂಡತಿ ದಿನಾ ಆರೋಪಿಗೆ ರೊಟ್ಟಿ ತರತೊಡಗಿದಳು. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಮಣ್ಣಾದ ಮೂರನೆಯ ದಿನವೂ ತಂದಳು. ಒಳಗೆ ಭೀಮರಾಯ ಊಟ ಮುಟ್ಟುತ್ತಿರಲಿಲ್ಲ, ಅವಳು ಸರಳಿನ ಹೊರಗೆ ಕೂತು, "ಉಣ್ಣೋ ತಮ್ಮಾ, ಯಾರಿಗೆ ಗೊತ್ತಿಲ್ಲಂದ್ರೂ ನೀ ಒತ್ತಿದ್ದು ನನಗ ಗೊತ್ತೈತಿ," ಎನ್ನುವವರೆಗೆ.

"ಚಾವಿ ಕಿಸೇದಾಗs ಇತ್ತಕ್ಕಾ," ಎಂದು ಅವನು ಅಳುತ್ತಿದ್ದ. ಕಸ್ಟಡಿಯ ಆರು ದಿನದಲ್ಲಿ ಅವನು ಒಪ್ಪಿಕೊಂಡ ತಪ್ಪು ಅದೊಂದೇ. ಬಟನ್ ಒತ್ತಿಲ್ಲ ಎಂದು ಮಾತ್ರ ಒಪ್ಪಲಿಲ್ಲ. ಒಪ್ಪಿಸಲು ಕಲಶೆಟ್ಟಿ ಒಮ್ಮೆ ಕೈ ಎತ್ತಿದ್ದರು. ಅದನ್ನು ಯಾವ ಡೈರಿಯಲ್ಲೂ ಬರೆದಿಲ್ಲ, ಅದಕ್ಕೇ ಇಲ್ಲಿ ಬರೆಯಬೇಕಾಯಿತು.

12ನೇ ತಾರೀಖು, ಮಂಗಳವಾರ. ಬೆಳಿಗ್ಗೆ 5 ಗಂಟೆ 50. ಕೆಲಸಕ್ಕೆ ಹೋಗುವ ದಾರಿಯಲ್ಲಿ ಹನುಮವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಗಸ್ತು ಮುಗಿಸಿ ಕೂತಿದ್ದ ಕಲಶೆಟ್ಟಿಯವರಿಗೆ ಚಹಾ ಬಂದಿತ್ತು. ಅವಳ ಮುಖ ಬತ್ತಿಹೋಗಿತ್ತು. ತಮ್ಮ ಕಪ್ಪನ್ನೇ ಅವಳ ಕಡೆ ಸರಿಸಿದರು.

"ಕುಡಿ ಯವ್ವಾ."

"ಬ್ಯಾಡ್ರಿ. ಇವತ್ತ ಸೋಮವಾರ."

ಕಲಶೆಟ್ಟಿಯವರಿಗೆ ಅಯ್ಯೋ ಎನಿಸಿತು. "ಸೋಮವಾರ ನಿನ್ನೆ ಆತು. ಇವತ್ತ ಮಂಗಳವಾರ."

"ಹೊತ್ತ ಎಲ್ಲಿ ಮೂಡೇತ್ರಿ?" ಹನುಮವ್ವ ಬಾಗಿಲ ಕಡೆ ಕೈ ಮಾಡಿದಳು. ಹೊರಗೆ ಇನ್ನೂ ಮಬ್ಬು. "ಹೊತ್ತ ಮೂಡೂತನಕ ಸೋಮವಾರನ. ಮೂಡಿದ ಮ್ಯಾಲ ಜಳಕಾ ಮಾಡಿ, ದೇವರಿಗೆ ಕೈಮುಗದು, ಆಮ್ಯಾಲ ಬಾಯಾಗ ನೀರ ಹಾಕೂದು. ಸೂತಕ, ವಾರ ಬಿಡು ಅಂದ್ರು ಮಂದಿ. ನನಗ ಮನಸ್ಸಾಗಲಿಲ್ಲ. ಅವ್ರೂ ಹಿಂಗs ಹಿಡೀತಿದ್ರು. ಅವತ್ತ ಲಿಫ್ಟಿನ್ಯಾಗ ಹಾಲಿನ ಕ್ರೇಟ್ ಇಟ್ಕೊಂಡು ಕುಂತಾರ, ಒಂದ ಗುಟಕ ಕುಡೀಲಿಲ್ಲ. ಸೋಮವಾರ ಇನ್ನೂ ಹೋಗಿಲ್ಲ ಅಂದ್ರು."

ಕಲಶೆಟ್ಟಿ ಕಪ್ಪನ್ನು ಹಿಂದಕ್ಕೆ ಎಳೆದುಕೊಂಡರು. ಅವರ ತಾಯಿಯೂ ಹಾಗೇ ಎಣಿಸುತ್ತಿದ್ದವಳು. ನಡುರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗಬಹುದು, ವಾರ ಬದಲಾಗಲು ಸೂರ್ಯ ಬೇಕು. ಗೊತ್ತಿದ್ದ ಸಂಗತಿ. ಯೂನಿಫಾರ್ಮು ಹಾಕಿ ಮರೆತಿದ್ದರು. ಈ ಹೆಂಗಸಿಗೆ ವಾರ ತಪ್ಪಿರಲಿಲ್ಲ, ಅವಳು ಒಂದೊಂದು ಮಾತೂ ಸರಿಯಾಗಿಯೇ ಹೇಳಿದ್ದಳು.

ಫೈಲು ತರಿಸಿ ತಳದಿಂದ ಅವಳ ಹೇಳಿಕೆ ತೆಗೆದರು. ಪಕ್ಕದಲ್ಲಿ ಕಂಪನಿಯ ಎಂಟು ಹಾಳೆ ಇಟ್ಟುಕೊಂಡು, ಈ ಸಲ ಬೆರಳಿಟ್ಟು ಓದಿದರು. ಮೊದಲ ಸಾಲು 5:30, ಬೆಳಿಗ್ಗೆ.

"ಸಪ್ನಾ, ಐದೈದ ನಿಮಿಷಕ್ಕ ಸಿಗ್ನಲ್ ಬರ್ತೈತಿ ಅಂದ್ರು. ನಡುರಾತ್ರಿಯಿಂದ ಐದೂವರೆತನಕ ಬಂದಿದ್ದೆಲ್ಲಿ?"

ಸಪ್ನಾ ಕೊನೆಯ ಹಾಳೆ ತಿರುವಿದಳು. "ಸರ್, ಹೇ ಬಘಾ, ಇಲ್ಲಿ ನೋಡ್ರಿ. ಕಡೀ ಸಾಲು 6ನೇ ತಾರೀಖು, ಮುಂಜಾನೆ 5:25. ನೀವು ಸಹಿ ಮಾಡಿದ್ದರ ಮ್ಯಾಲಿಂದು." ತಡೆದು ಹೇಳಿದಳು. "ಇವರ ದಿನ ಐದೂವರೆಗೆ ಚಾಲೂ ಆಗ್ತದ ಸರ್. ಪರೀಕ್ಷೆಗೆ ಓದಿದ್ದು ನೆನಪೈತಿ. ಜಗತ್ತಿನ ಗಡಿಯಾರ ಗ್ರೀನಿಚ್‌ನಾಗ, ನಮ್ಮದು ಅದಕ್ಕಿಂತ ಐದೂವರೆ ತಾಸ ಮುಂದ. ಅಲ್ಲಿ ಹನ್ನೆರಡು ಹೊಡದ್ರ ನಮಗ ಐದೂವರೆ."

ಅಂದರೆ ಶಾಂತಪ್ಪ ಒಳಗೆ ಕೂತಿದ್ದಾಗ ಕಂಪನಿಯ ಯಂತ್ರಕ್ಕೂ ಇನ್ನೂ ಸೋಮವಾರವೇ. ಕಲಶೆಟ್ಟಿ 5ರ ದಾಖಲೆ ಕೇಳಿದ್ದರು, ಕಂಪನಿ 5ರದೇ ಕೊಟ್ಟಿತ್ತು. ಬೇಕಾಗಿದ್ದದ್ದು 4ರದು. ಆ ಹಾಳೆಯ ಮೇಲಿನ ತಮ್ಮ ಸಹಿ ನೋಡಿ ಅವರಿಗೆ ನಾಚಿಕೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಅದೂ ಆರು ದಿನ.

*

ಅದೇ ದಿನ 11 ಗಂಟೆ 15ಕ್ಕೆ ಇಬ್ಬರೂ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಊರ್ಧ್ವ ಕಂಪನಿಗೆ ಹೋದರು. ಸದಾನಂದ ಬಂಗೇರ ಸರ್ವರ್ ಕೆಲಸ ನೋಡುವ ಹುಡುಗಿಯನ್ನು ಕರೆಸಿದರು. ಶೀತಲ್ ಹೊಸಮನಿ, 27 ವರ್ಷ. ಅಪ್ಪ ಅಮ್ಮ ಬಾಗಲಕೋಟೆಯವರು, ಹುಟ್ಟಿ ಬೆಳೆದದ್ದು ವಡಾಲದಲ್ಲಿ.

"ಸಿಗ್ನಲ್ ಎಲ್ಲಾ ಎಲ್ಲಿ ಇಡ್ತೀರಿ?"

"ಡೇಟಾಬೇಸ್‌ನಲ್ಲಿ ಸರ್. ಒಂದ್ ದೊಡ್ಡ ಟೇಬಲ್. ಅದು... ದಿನದ್ ಹಿಸಾಬ್‌ಸೆ ಪಾರ್ಟಿಷನ್ ಇದೆ. ಒಂದ್ ದಿನಕ್ಕೆ ಒಂದ್ ಖಾನೆ, ಕಪಾಟಿನ ಥರ. ಹುಡುಕೋಕೆ ಫಾಸ್ಟ್ ಆಗುತ್ತೆ."

"ದಿನ ಅಂದ್ರ ಯಾರ ದಿನ?"

ಶೀತಲ್ ಪರದೆಯ ಕಡೆ ತಿರುಗಿದಳು. "ಯುಟಿಸಿ. ಅಂದ್ರೆ ಗ್ರೀನಿಚ್ ಟೈಮ್."

"ಆಗಸ್ಟಿನ ಖಾನೆಗಳ ಪಟ್ಟಿ ತೋರಸ್ರಿ."

ಪರದೆಯ ಮೇಲೆ ಪಟ್ಟಿ ಬಂತು. ಸಪ್ನಾ ಜೋರಾಗಿ ಓದಿದಳು. "ಒಂದು. ಎರಡು. ಮೂರು. ಐದು. ಆರು."

"ನಾಕು ಎಲ್ಲಿ?" ಎಂದರು ಕಲಶೆಟ್ಟಿ.

ಬಂಗೇರ ಕನ್ನಡಕ ತೆಗೆದು ಹಾಕಿಕೊಂಡರು. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಸರ್ವರಿನ ದಿನಚರಿ ತೆಗೆಸಿ ನೋಡಿದಾಗ, 4ರ ಖಾನೆಯನ್ನು ಯಾರೋ ಕೈಯಾರೆ ಅಳಿಸಿದ್ದರು. ಆಗಸ್ಟ್ 6, 05 ಗಂಟೆ 10 ನಿಮಿಷ. ಯಾರು ಎಂಬಲ್ಲಿ ಇಡೀ ಆಫೀಸು ಬಳಸುವ ಒಂದೇ ಹೆಸರಿತ್ತು.

"ಬೆಳಿಗ್ಗೆ ಐದು ಹತ್ತಕ್ಕೆ ಇಲ್ಲಿ ನವಾಜ ಒಬ್ಬನೇ ಸರ್," ಎಂದರು ಬಂಗೇರ. "ರಾತ್ರಿ ಪಾಳಿಯಲ್ಲಿ ಅಲಾರ್ಮ್ ಸ್ಕ್ರೀನ್ ನೋಡುವವ. 5ನೇ ತಾರೀಖೂ ಅವನೇ ಇದ್ದದ್ದು. ತನ್ನ ತಪ್ಪು ಮುಚ್ಚಲಿಕ್ಕೆ ಮಾಡಿರಬೇಕು. ಅವನನ್ನು ಈಗಲೇ ಕರೆಸ್ತೇನೆ."

ವಾರದ ಹಿಂದಿನ ಕಲಶೆಟ್ಟಿಯಾಗಿದ್ದರೆ ಜೀಪು ಹೊರಟಿರುತ್ತಿತ್ತು. ಈಗ ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಕೂಡಿಸಿದರು. ಐದು ಹತ್ತಕ್ಕೆ ಐದೂವರೆ ತಾಸು ಸೇರಿಸಿದರೆ ಹತ್ತು ನಲವತ್ತು. 6ರ ಬೆಳಿಗ್ಗೆ ಹತ್ತು ನಲವತ್ತು, ಅಂದರೆ ಬಂಗೇರ ಪ್ರಿಂಟು ಹಿಡಿದು ಠಾಣೆಗೆ ಬರುವ ಎರಡು ತಾಸು ಮೊದಲು.

"ಈ ದಿನಚರೀನೂ ಗ್ರೀನಿಚ್ ಟೈಮಿಂದs ಅಲ್ಲ?"

"ಹಾಂ," ಎಂದಳು ಶೀತಲ್, ಸಣ್ಣಗೆ.

"ಹಂಗಾದ್ರ ನವಾಜ ಅಷ್ಟೊತ್ತಿಗೆ ಮನ್ಯಾಗ ಮಲಗಿದ್ದ. ಹತ್ತೂ ನಲವತ್ತಕ್ಕ ಈ ಕುರ್ಚಿ ಮ್ಯಾಲೆ ಯಾರಿದ್ರು?"

ಯಾರೂ ಹೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಶೀತಲ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಕುರ್ಚಿಯಿಂದ ಎದ್ದು ನಿಂತಳು. ಅದರ ಮೇಲೆ ಕೂತಿರಲು ತನಗೆ ಹಕ್ಕಿಲ್ಲ ಎಂಬಂತೆ.

ನವಾಜನನ್ನು ಕರೆಸಿದ್ದಾಯಿತು. ಅವನು ಹೇಳಿದ್ದು ಇಷ್ಟೇ: "ಸಾಬ್, ನಾ ಕಣ್ಣ ಮುಚ್ಚಿಲ್ಲ. ಐದೂವರೆತನಕ ಸ್ಕ್ರೀನ್ ಹಸಿರs ಇತ್ತು. ಚಾ ಕುಡ್ಕೋತ ಅದನ್ನs ನೋಡ್ಕೋತ ಕುಂತಿದ್ದೆ." ಅವನು ನಿಜವನ್ನೇ ಹೇಳಿದ್ದ. ಆದರೂ ಆಮೇಲೆ ಅವನು ಚಹಾ ಕುಡಿಯುವುದನ್ನೇ ಬಿಟ್ಟನೆಂದು ಕೇಳಿದ್ದೇನೆ.

2 ಗಂಟೆಗೆ ಮೀಟಿಂಗ್ ಕೋಣೆಯಲ್ಲಿ ಶೀತಲ್‌ಳ ವಿಚಾರಣೆ. ಸಪ್ನಾ ಪಕ್ಕದಲ್ಲಿ ಕೂತು ಬರೆದುಕೊಂಡಳು.

"ನವಾಜಗ ಯಾಕ ಕಾಣಲಿಲ್ಲ?"

"ಸ್ಕ್ರೀನ್ ನಂದೇ ಡಿಸೈನ್ ಸರ್. ಅದು ನಮ್ಮ ಗಡಿಯಾರ ನೋಡಿ ಇವತ್ತು ಐದನೇ ತಾರೀಖು ಅಂತ ತಿಳ್ಕೊಂಡು ಐದನೇ ಖಾನೆ ತೆಗೆಯುತ್ತೆ. ಸಿಗ್ನಲ್ ಮಾತ್ರ ನಾಲ್ಕನೇ ಖಾನೆಗೆ ಹೋಗಿ ಬೀಳುತ್ತೆ. ರಾತ್ರಿ ಹನ್ನೆರಡರಿಂದ ಐದೂವರೆ ತನಕ ಯಾವ ಅಲಾರ್ಮ್ ಬಂದ್ರೂ... ಕಾಣಲ್ಲ. ಮೊದಲು ಮೆಷಿನ್ ಇಲ್ಲೇ ಇತ್ತು, ನಮ್ಮ ಟೈಮಲ್ಲೇ ಇತ್ತು. ಏಪ್ರಿಲ್‌ನಲ್ಲಿ ಹೊಸ ಸರ್ವರಿಗೆ ಶಿಫ್ಟ್ ಮಾಡ್ದೆ. ತಬ್ ಸೇ ಹೀಗೆ."

"ನಿಮಗ ಯಾವಾಗ ಗೊತ್ತಾತು?"

"ಜೂನ್ ಹತ್ತೊಂಬತ್ತು."

ಸಪ್ನಾಳ ಪೆನ್ನು ನಿಂತಿತು. ಶಾಂತಪ್ಪ ಸಾಯುವ ನಲವತ್ತೇಳು ದಿನ ಮೊದಲು.

"ಯಾರಿಗಾದರೂ ಹೇಳಿದ್ರೇನು?"

"ಇಲ್ಲ. ಸರಿ ಮಾಡ್ಬೇಕಂದ್ರೆ ಎಲ್ಲಾ ಖಾನೆ ಮತ್ತೆ ಕಟ್ಬೇಕು. ತಪ್ಪು ನಂದು ಅಂತ ಗೊತ್ತಾಗುತ್ತೆ. ಆಗಸ್ಟ್ ಎಂಡ್‌ಗೆ ಪರ್ಮನೆಂಟ್ ಆಗೋದಿತ್ತು. ಸೋಚಾ, ಆಮೇಲೆ ಮಾಡೋಣ." ಅವಳು ದುಪಟ್ಟಾದ ಅಂಚು ತಿರುಚುತ್ತಿದ್ದಳು. "ಅಷ್ಟು ಬೇಗ ಲಿಫ್ಟ್ ಹತ್ತೋರು ಯಾರು ಇರ್ತಾರೆ ಅಂದ್ಕೊಂಡೆ."

ಕಲಶೆಟ್ಟಿ ಕೇಳಿದರು. "ನಿಮ್ಮಪ್ಪ ಏನ ಮಾಡ್ತಿದ್ರು?"

"ದಾದರ್ ಹೂವಿನ ಮಾರ್ಕೆಟ್‌ನಲ್ಲಿ ಹಮಾಲಿ ಸರ್."

"ಮನಿ ಬಿಡೂದು ಎಷ್ಟಕ್ಕ?"

ಶೀತಲ್ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ಸಪ್ನಾ ನೀರು ಕೊಟ್ಟಳು. "ನಾಲ್ಕಕ್ಕೆ," ಎಂದಳು ಕೊನೆಗೆ. "ದಿನಾ ನಾಲ್ಕಕ್ಕೆ. ಚಪ್ಪಲ್ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ರು, ನನಗೆ ನಿದ್ದೆ ಕೆಡಬಾರ್ದು ಅಂತ."

ಆಮೇಲೆ ಕೇಳದೆಯೇ ಪರ್ಸಿನಿಂದ ಲೋಕಲ್ ಪಾಸಿನ ಕವರು ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ಮೇಜಿನ ಮೇಲಿಟ್ಟಳು. ಕೈಬರಹದಲ್ಲಿ ಮೂವತ್ತನಾಲ್ಕು ಸಾಲು. ಖಾನೆ ಅಳಿಸುವ ಮೊದಲು ಬರೆದುಕೊಂಡದ್ದು, ಎಲ್ಲವೂ ನಮ್ಮ ಗಡಿಯಾರದ ಹೊತ್ತಿಗೆ. ಲಾಬಿಯ ಬಟನ್ 4:41, 4:49, 4:58. ಲಿಫ್ಟಿನ ಒಳಗಿನ ಬಟನ್ ಮೂವತ್ತೊಂದು ಸಲ. ಮೊದಲನೆಯದು 4:39, ಕೊನೆಯದು 5:26.

"ಅಳಿಸಿದವಳು ಇದನ್ನ ಯಾಕ ಇಟ್ಕೊಂಡ್ರಿ?"

"ಫೇಂಕ್ ನಹೀ ಸಕೀ ಸರ್, ಎಸೆಯೋಕಾಗ್ಲಿಲ್ಲ. ದಿನಾ ಟ್ರೈನ್‌ನಲ್ಲಿ ತೆಗೆದು ನೋಡ್ತೀನಿ." ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಐದು ಇಪ್ಪತ್ತಾರು. ಇನ್ನು ನಾಲ್ಕು ನಿಮಿಷ ಬಿಟ್ಟು ಒಂದೇ ಒಂದು ಸಲ ಒತ್ತಿದ್ರೂ ನವಾಜನ ಸ್ಕ್ರೀನ್ ಕೆಂಪಾಗ್ತಿತ್ತು. ಯಾಕೆ ನಿಲ್ಲಿಸಿದ್ರು ಸರ್ ಅವರು?"

ಯಾಕೆಂದು ಕಲಶೆಟ್ಟಿಯವರಿಗೆ ಗೊತ್ತಿತ್ತು. ಫೈಲಿನ ತಳಕ್ಕೆ ಹಾಕಿದ್ದ ಹನುಮವ್ವನ ಹೇಳಿಕೆಯಲ್ಲಿತ್ತು. ಅವರು ಹೇಳಲಿಲ್ಲ.

12ರ ಸಂಜೆ 4 ಗಂಟೆ 25ಕ್ಕೆ ಸಪ್ನಾ ಮಾನೆ ಶೀತಲ್ ಹೊಸಮನಿಯನ್ನು ಅರೆಸ್ಟ್ ಮಾಡಿದಳು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಮಗಳು ಪರ್ಮನೆಂಟ್ ಆದ ಸುದ್ದಿಯೆಂದು ತಿಳಿದು ಅವಳ ಅಪ್ಪ ಫೋನು ಎತ್ತಿದ್ದ. ಅವಳದು ದುಡ್ಡಿನಾಸೆಯಲ್ಲ, ಹಗೆಯಲ್ಲ. ಮೊದಲ ದಿನ ತಪ್ಪು ಹೇಳಲು ನಾಚಿಕೆಯಾಗಿತ್ತು, ಎರಡನೆಯ ದಿನ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಭಯ ಸೇರಿತು, ಹಾಗೆ ನಲವತ್ತೇಳು ದಿನ ಬೆಳೆಯಿತು. ಅಂಥ ನಾಚಿಕೆ ನಮ್ಮಲ್ಲಿ ಯಾರಿಗಿಲ್ಲ? ಕಲಶೆಟ್ಟಿಯವರೇ ಆ ಬೆಳಿಗ್ಗೆ ಆರಕ್ಕೆ ತಿಳಿದ ಸತ್ಯವನ್ನು ಲಾಕಪ್ಪಿನ ಹತ್ತಿರ ಹೋಗಿ ಭೀಮರಾಯನಿಗೆ ಹೇಳಿದ್ದು ಸಂಜೆ ಆರಕ್ಕೆ.

*

13ರಂದು ಬ್ಯಾಕಪ್ಪಿನಿಂದ 4ರ ಖಾನೆಯನ್ನು ಪಂಚರ ಎದುರು ಮರಳಿ ತೆಗೆಸಿದರು. ಮೂವತ್ತನಾಲ್ಕು ಸಾಲೂ ಕಾಗದದೊಂದಿಗೆ ತಾಳೆಯಾದವು. ಕೋರ್ಟಿಗೆ ವರದಿ ಹೋಯಿತು, ಮಧ್ಯಾಹ್ನ 1 ಗಂಟೆಗೆ ಭೀಮರಾಯನ ಬಿಡುಗಡೆ. ಕಲಶೆಟ್ಟಿ ಅವನ ಎದುರು ಎದ್ದು ನಿಂತು, "ತಪ್ಪಾತು ತಮ್ಮಾ," ಎಂದರು. ಭೀಮರಾಯ ನೆಲ ನೋಡುತ್ತ, "ಚಾವಿ ನನ್ನ ಕಿಸೇದಾಗs ಇತ್ತಲ್ರಿ," ಎಂದ. ಬಿಲ್ಡಿಂಗಿನವರು ಬೇರೆ ವಾಚ್‌ಮನ್‌ನನ್ನು ಇಟ್ಟುಕೊಂಡಾಗಿತ್ತು.

ಹನುಮವ್ವನ ಹೇಳಿಕೆಯನ್ನು ಹೊಸದಾಗಿ ಬರೆಯಬೇಕಿತ್ತು. 'ಸೋಮವಾರ, ಸೂರ್ಯೋದಯಕ್ಕೆ ಮೊದಲು, ಅಂದರೆ ತಾರೀಖಿನ ಪ್ರಕಾರ 5, ಮಂಗಳವಾರ' ಎಂದು ಸಪ್ನಾ ಟೈಪು ಮಾಡಿದಳು. ಹನುಮವ್ವ ಹೆಬ್ಬೆಟ್ಟು ಒತ್ತಿ ಎದ್ದವಳು ಮತ್ತೆ ಕೂತಳು.

"ಸಾಹೇಬ್ರ, ಆ ಪೋರಿ ಬರದ ಕಾಗದ ಐತೆಂತಲ್ಲ. ಅದರಾಗ ಅವ್ರು ಒತ್ತಿದ್ದೆಲ್ಲಾ ಐತೇನ್ರಿ?"

"ಐತಿ."

"ನಾ ಒತ್ತಬ್ಯಾಡ್ರಿ ಅಂದೆ." ಅವಳ ದನಿ ಕೆಳಗಿಳಿಯಿತು. "ಅಂದ ಮ್ಯಾಲೂ ಒತ್ಯಾರೇನ್ರಿ? ಇಲ್ಲಾ ನಿಲ್ಲಿಸಿಬಿಟ್ರೇನ್ರಿ? ನನ್ನ ಮಾತ ಕೇಳಿ ನಿಲ್ಲಿಸಿದ್ರ, ಅದಕ್ಕs ಯಾರೂ ಬರದಂಗ ಆತೇನ್ರಿ?"

ಕಾಗದ ಕಲಶೆಟ್ಟಿಯವರ ಕೈಯಲ್ಲೇ ಇತ್ತು. ಇಪ್ಪತ್ತಾರು ವರ್ಷ ಈ ಮೇಜಿನ ಆಚೆ ಕೂತವರಿಗೆ ನಿಜ ಹೇಳು, ನಿಜ ಹೇಳು ಎಂದು ಗದರಿಸಿದ ಮನುಷ್ಯ. ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಓದುವವರಂತೆ ಓದಿದರು.

"ಒತ್ಯಾರ ಯವ್ವಾ. ಆರ ಗಂಟೀತನಕ ಒತ್ಯಾರ. ಮಿಷನ್ ಕೆಟ್ಟಿತ್ತು, ಯಾರಿಗೂ ಕಾಣಲಿಲ್ಲ."

ಸಪ್ನಾ ತಲೆ ಎತ್ತಲಿಲ್ಲ.

"ಹಂಗಾದ್ರ ನನ್ನ ಮಾತ ಕೇಳಲಿಲ್ಲ," ಎಂದಳು ಹನುಮವ್ವ.

"ಕೇಳಲಿಲ್ಲ."

"ಛಲೋ ಆತು." ಅವಳು ಉಸಿರು ಬಿಟ್ಟಳು. ಮೇಜಿನ ಮೇಲೆ ಆರುತ್ತಿದ್ದ ಚಹಾವನ್ನು ಎತ್ತಿಕೊಂಡು, ಸಾವಕಾಶ ಪೂರ್ತಿ ಕುಡಿದಳು.

ಆರೋಪಪಟ್ಟಿಯ ಹದಿನಾಲ್ಕನೆಯ ಪುಟದಲ್ಲಿ ಕೊನೆಯ ಹೊತ್ತು 5:26 ಎಂದೇ ಇದೆ, ಕೆಳಗೆ ಗುರುಬಸವ ಕಲಶೆಟ್ಟಿಯವರ ಸಹಿ. ಒಂದು ದಿನ ಕೋರ್ಟಿನಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಅಂದು ಹನುಮವ್ವನನ್ನು ಸಾಕ್ಷಿಗೆ ಕರೆಯದೆ ಕೇಸು ನಿಲ್ಲುವುದಿಲ್ಲ.